ಬಲಗಾಲಿನ ಮಂಡಿ, ಎರಡು ಸೆಂಟಿಮೀಟರ್ ಸೀಟು

ಸುಂಟಿಕೊಪ್ಪ ಹತ್ರ ಬರೋ ಹೊತ್ತಿಗೆ ಬಲ ಮಂಡಿ ಚಿಪ್ಪಿನ ಕೆಳಗೆ ಸಣ್ಣಗೆ ಚುಚ್ಚೋಕೆ ಶುರುವಾಯ್ತು. ಬೆಳಗಿನ ಜಾವ ನಾಲ್ಕೂವರೆಗೆ ಸೈಕಲ್ಲಲ್ಲಿ ಮೈಸೂರು ಬಿಟ್ಟಿದ್ದೆ, ಹುಣಸೂರು ಆಯ್ತು ಪಿರಿಯಾಪಟ್ಟಣ ಆಯ್ತು ಕುಶಾಲನಗರದಲ್ಲಿ ಇಡ್ಲಿ ತಿಂದಿದ್ದೂ ಆಯ್ತು, ಅಲ್ಲಿವರೆಗೂ ಏನೂ ಇರ್ಲಿಲ್ಲ, ಆಮೇಲೆ ಮಡಿಕೇರಿ ಕಡೆಗೆ ಏರು ಶುರುವಾಗತ್ತಲ್ಲ, ಅಲ್ಲಿಂದ ಪೆಡಲ್ ಒತ್ತಿದಾಗೆಲ್ಲ ಒಂದು ಸಲ ಚುಳ್ ಅನ್ನೋದು. 300 ಕಿ.ಮೀ ಬ್ರೆವೆಗೆ ತಯಾರಿ ಅಂತ ಹೊರಟಿದ್ದು ಅದು. ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರೆ ಬ್ರೆವೆ ಅಂದ್ರೆ ದೂರದ ಸೈಕಲ್ ಸವಾರಿ, ರೇಸ್ ಅಲ್ಲ, ಟೈಮ್ ಒಳಗೆ ಮುಗಿಸಿದ್ರೆ ಸಾಕು, 200 ಕಿ.ಮೀಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ.

ಅಲ್ಲೇ ನಿಲ್ಲಿಸಿ ವಾಪಸ್ ಬರ್ಬೇಕಿತ್ತು. ಇಷ್ಟು ದೂರ ಬಂದಾಯ್ತು ಇನ್ನು 15 ಕಿ.ಮೀ ಅಷ್ಟೇ ಅಂತ ಹಲ್ಲು ಕಚ್ಚಿ ತುಳಿದೆ. ಮಡಿಕೇರಿಯಲ್ಲಿ ಒಂದು ನೋವಿನ ಮಾತ್ರೆ ನುಂಗಿದೆ. ನೋವು ಹೋಯ್ತು, ಅದೇ ದೊಡ್ಡ ತೊಂದ್ರೆ ಆಗಿದ್ದು, ಯಾಕಂದ್ರೆ ನೋವು ಗೊತ್ತಾಗದೇ ಇಳಿಜಾರಲ್ಲೂ ಜೋರಾಗಿ ತುಳ್ಕೊಂಡು ಬಂದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರದ ಮಾತ್ರೆನ ನೀರು ಕಮ್ಮಿಯಾದ ಮೈಗೆ, ಬಿಸಿಲಲ್ಲಿ ಗಂಟೆಗಟ್ಲೆ ಬೆವರು ಸುರಿಸೋವಾಗ ಹಾಕಿದ್ರೆ ಕಿಡ್ನಿಗೆ ಹೊಡೆತ ಬೀಳಬಹುದು ಅನ್ನೋದು ನಂಗೆ ಗೊತ್ತಾಗಿದ್ದು ಆಮೇಲೆ. ದಯವಿಟ್ಟು ರೈಡ್ ಮಧ್ಯೆ ಆ ಮಾತ್ರೆ ತಗೋಬೇಡಿ. ಹುಣಸೂರಿಗೆ ಬಂದಾಗ ಶೂನ ಪೆಡಲಿಂದ ಬಿಡಿಸೋಕೆ ಹಿಮ್ಮಡಿ ತಿರುಗಿಸ್ಬೇಕಲ್ಲ, ಅಷ್ಟೂ ಆಗ್ಲಿಲ್ಲ, ತಮ್ಮನಿಗೆ ಫೋನ್ ಮಾಡಿ ಕಾರಲ್ಲಿ ಮನೆಗೆ ಬಂದೆ.

ಅಮ್ಮ ಹರಳೆಣ್ಣೆ ಬಿಸಿ ಮಾಡಿ ಹಚ್ಚಿದ್ರು. ಅವರಿಗೆ ಹತ್ತು ವರ್ಷದಿಂದ ಎರಡೂ ಮಂಡಿ ಸವೆದಿದೆ, ಮೆಟ್ಟಿಲು ಇಳಿಯೋವಾಗ ಗೋಡೆ ಹಿಡ್ಕೊಂಡು ಒಂದೊಂದೇ ಕಾಲು ಇಡ್ತಾರೆ. "ನನ್ನ ಮಂಡಿ ನೋಡಿದ್ದು ಸಾಲ್ದೇನೋ ನಿಂಗೆ, ಸಾಕು ಕಣೋ ಆ ಸೈಕಲ್ಲು" ಅಂದ್ರು. ಮರುದಿನ ಬೆಳಗ್ಗೆ ನಾನೂ ಅದೇ ಗೋಡೆ ಹಿಡ್ಕೊಂಡು ಅದೇ ತರ ಇಳಿದೆ. ಆಗ ನಿಜಕ್ಕೂ ಭಯ ಆಯ್ತು, 44ಕ್ಕೇ ನನ್ನ ಮಂಡಿನೂ ಅಮ್ಮಂದ್ ತರ ಆಗೋಯ್ತಾ ಅಂತ.

ಎಕ್ಸ್‌ರೇ ತೆಗೆಸಿದೆ, ಸವೆತ ಏನೂ ಇಲ್ಲ. ನೋಡಿದ ಡಾಕ್ಟ್ರು ಸೈಕಲ್ ಬಿಡಿ ವಾಕಿಂಗ್ ಮಾಡಿ ಅಂತ ಎರಡು ನಿಮಿಷದಲ್ಲಿ ಮುಗಿಸಿದ್ರು. ನೀ ಕ್ಯಾಪ್, ಸ್ಪ್ರೇ, ಐಸು, ಎಲ್ಲ ಮಾಡಿ ಆರು ವಾರ ರೆಸ್ಟ್ ತಗೊಂಡೆ, ನೋವು ಪೂರ್ತಿ ಹೋಯ್ತು, ಖುಷಿಯಾಗಿ ಚಾಮುಂಡಿ ಬೆಟ್ಟ ಹತ್ತಿದೆ, ಅರ್ಧ ದಾರಿಗೆ ಅದೇ ಜಾಗದಲ್ಲಿ ಅದೇ ಚುಳ್. ರೆಸ್ಟ್ ತಗೊಂಡಾಗ ಹೋಗಿ, ತುಳಿದ ತಕ್ಷಣ ಬರತ್ತೆ ಅಂದ್ರೆ ಕಾರಣ ಇರೋದು ತುಳಿಯೋದ್ರಲ್ಲಿ ತಾನೇ? ಇಷ್ಟು ಸರಳವಾದ್ದು ನಂಗೆ ಹೊಳೆದಿದ್ದು ಅವತ್ತು.

ಆಮೇಲೆ ಸಿಕ್ಕಿದ ಫಿಸಿಯೋಥೆರಪಿಸ್ಟ್ ಮಾತ್ರ ಮೊದಲು ಕೇಳಿದ್ದೇ "ಸರ್, ಎಲ್ಲಿ ನೋವು ಅಂತ ಒಂದು ಬೆರಳಲ್ಲಿ ತೋರ್ಸಿ" ಅಂತ. ಈ ಒಂದು ಪ್ರಶ್ನೆ ಎಷ್ಟು ಮುಖ್ಯ ಅಂದ್ರೆ, ಮಂಡಿ ಮುಂದೆ ಚಿಪ್ಪಿನ ಸುತ್ತ ನೋವಿದ್ರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಅಥವಾ ತೀರಾ ಮುಂದಿದೆ, ಇಲ್ಲಾ ಭಾರದ ಗೇರಲ್ಲಿ ತುಳೀತಿದೀರ. ಮಂಡಿ ಹಿಂದೆ ಎಳೀತಿದ್ರೆ ಸೀಟು ಎತ್ತರ ಜಾಸ್ತಿ ಆಗಿರಬಹುದು, ಕಾಲು ಪ್ರತಿ ಸುತ್ತಲ್ಲೂ ಎಟುಕಿಸ್ತಾ ಇರತ್ತೆ. ಹೊರಗಡೆ ಪಕ್ಕ ಅಂದ್ರೆ ಸೊಂಟದಿಂದ ಮಂಡಿವರೆಗೆ ಬರೋ ಪಟ್ಟಿ ಉಜ್ಜಿ ಉರಿತಾ ಇರಬಹುದು, ಶೂ ಕೆಳಗೆ ಪೆಡಲಿಗೆ ಸಿಕ್ಕಿಸೋ ಕ್ಲೀಟ್ ಇರತ್ತಲ್ಲ, ಅದರ ಕೋನ ತಪ್ಪಿದ್ರೂ ಹಂಗಾಗತ್ತೆ, ಒಳಪಕ್ಕದ ನೋವಿಗೂ ಮೊದಲು ಕ್ಲೀಟೇ ನೋಡ್ಬೇಕು. ಮಂಡಿ ಊದಿದ್ರೆ, ಮಡಿಸಿದ್ದು ಹಂಗೇ ಸಿಕ್ಕಾಕೊಂಡ್ರೆ, ರಾತ್ರಿ ಮಲಗಿದ್ದಾಗಲೂ ನೋವಿದ್ರೆ ಅದು ಬೇರೆ ವಿಷಯ, ಅದಕ್ಕೆ ಮೂಳೆ ಡಾಕ್ಟ್ರ ಹತ್ರಾನೇ ಹೋಗಿ.

ನನ್ನ ಬೆರಳು ಚಿಪ್ಪಿನ ಮೇಲೇ ಇತ್ತು. ನಾಳೆ ಸೈಕಲ್ ತಗೊಂಡ್ ಬನ್ನಿ ಅಂದ್ರು. ಗೋಡೆಗೆ ಒರಗಿಸಿ ಹತ್ತಿಸಿ, ಪೆಡಲ್ ಕೆಳಗೆ ಬಿಟ್ಟು ಮಂಡಿ ಎಷ್ಟು ಮಡಚಿದೆ ಅಂತ ಕೋನ ಅಳೆದ್ರು. 25ರಿಂದ 35 ಡಿಗ್ರಿ ಒಳಗೆ ಇರ್ಬೇಕಾದ್ದು ನಂದು 41 ಇತ್ತು. "ಸೀಟು ಇಳಿಸಿದ್ರಾ?" "ಇಲ್ವಲ್ಲ" ಅಂದೆ, ಸೀಟು ಹಿಡಿದಿರೋ ಕೊಳವೆಗೆ, ಅಂದ್ರೆ ಸೀಟ್ ಪೋಸ್ಟಿಗೆ ಟೇಪ್ ಸುತ್ತಿ ಗುರುತು ಇಟ್ಟಿದೀನಿ, ಅದು ಒಂದು ಕೂದಲೂ ಅಲ್ಲಾಡಿಲ್ಲ. ಆದ್ರೆ ಮಡಿಕೇರಿಗೆ ಹೋಗೋಕೆ ಹದಿನೈದು ದಿನ ಮುಂಚೆ ನಾನು ಸೀಟೇ ಬದಲಾಯಿಸಿದ್ದೆ! ಹಳೇ ಸೀಟು ದಪ್ಪ, ಹೊಸದು ತೆಳು, ಪೋಸ್ಟ್ ಅದೇ ಎತ್ತರದಲ್ಲಿದ್ರೂ ನಾನು ಕೂರೋ ಜಾಗ ಸುಮಾರು ಎರಡು ಸೆಂಟಿಮೀಟರ್ ಕೆಳಗೆ ಹೋಗಿತ್ತು.

ಎರಡು ಸೆಂಟಿಮೀಟರ್ ಏನ್ ಮಹಾ ಅನ್ಸತ್ತೆ. ಲೆಕ್ಕ ಹಾಕಿ ನೋಡಿ, ಪೆಡಲ್ ನಿಮಿಷಕ್ಕೆ 75 ಸುತ್ತು ಅಂದ್ರೆ ಹತ್ತು ಗಂಟೆಗೆ ಒಂದೊಂದು ಮಂಡಿನೂ 45,000 ಸಲ ಮಡಚಿ ಬಿಚ್ಚತ್ತೆ. ಮಂಡಿ ಜಾಸ್ತಿ ಮಡಚಿದ್ದಾಗ ಒತ್ತಿದಷ್ಟೂ ಚಿಪ್ಪು ತೊಡೆ ಮೂಳೆಗೆ ಗಟ್ಟಿಯಾಗಿ ಅದುಮತ್ತೆ, ಅದನ್ನೇ 45,000 ಸಲ ಮಾಡಿದ್ದೆ.

ಮನೆಯಲ್ಲೇ ಅಳೆಯೋದು ಸುಲಭ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕ ಒಂದನ್ನ ತೊಡೆ ಸಂದಿಗೆ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿಗೆ ಅಳತೆ ತಗೊಳ್ಳಿ, ಅದನ್ನ 0.883ರಿಂದ ಗುಣಿಸಿ. ಮೂರು ಸಲ ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಲ್ಲೇ ಕರೆಯೋ ಲೆಕ್ಕ ಇದು. ನಂದು 82 ಸೆಂ.ಮೀ, ಅಂದ್ರೆ 72.4 ಬಂತು, ಕ್ರ್ಯಾಂಕ್, ಅಂದ್ರೆ ಪೆಡಲ್ ಕೂತಿರೋ ತೋಳು, ತಿರುಗೋ ನಡುಮಧ್ಯದಿಂದ ಸೀಟಿನ ಮೇಲ್ಭಾಗದವರೆಗೆ ಅಷ್ಟಿರ್ಬೇಕು, ನನ್ನ ಸೈಕಲ್ಲಲ್ಲಿ ಇದ್ದಿದ್ದು 70.5. ಇದು ಶುರು ಮಾಡೋಕೆ ಒಂದು ಅಂದಾಜು ಅಷ್ಟೇ, ಎಲ್ಲರಿಗೂ ಸರಿಯಾಗಿ ಕೂರಲ್ಲ. ಏರಿಸೋವಾಗಲೂ ಒಂದೇ ಸಲ ಎರಡು ಸೆಂಟಿಮೀಟರ್ ಏರಿಸ್ಬೇಡಿ, ನಾನು ವಾರಕ್ಕೆ ಐದು ಮಿಲಿಮೀಟರ್ ಲೆಕ್ಕದಲ್ಲಿ ನಾಲ್ಕು ವಾರ ತಗೊಂಡೆ.

ಗೇರೂ ಬದಲಾಯಿಸಿದೆ. ಮುಂದೆ ಚಿಕ್ಕ ರಿಂಗು 34 ಹಲ್ಲು, ಹಿಂದೆ ದೊಡ್ಡದು 28 ಇತ್ತು, ಈಗ ಹಿಂದೆನೂ 34 ಹಾಕ್ಸಿದೀನಿ. ಬೆಟ್ಟದಲ್ಲಿ ಗಂಟೆಗೆ 10 ಕಿ.ಮೀ ಸ್ಪೀಡಲ್ಲಿ ಮೊದಲು ನಿಮಿಷಕ್ಕೆ 65 ಸುತ್ತು ಬರ್ತಿತ್ತು, ಈಗ ಹತ್ತತ್ರ 80, ಅದೇ ಸ್ಪೀಡು ಆದ್ರೆ ಪ್ರತಿ ಸಲ ಒತ್ತೋ ಭಾರ ಕಮ್ಮಿ. ಗ್ರೂಪಲ್ಲಿ ದೊಡ್ಡ ಗೇರಲ್ಲಿ ಹತ್ತೋದೇ ಗಂಡಸ್ತನ ಅನ್ನೋ ಹುಡುಗ್ರು ಇದಾರೆ, ಅವರ ಮಾತು ಕೇಳಿ ಮಂಡಿ ಹಾಳು ಮಾಡ್ಕೋಬೇಡಿ.

ಇನ್ನೊಂದು ಬೇಜಾರಿನ ವಿಷಯ, ಒಂಟಿ ಕಾಲಲ್ಲಿ ಮೆಟ್ಟಿಲಿಂದ ನಿಧಾನ ಇಳೀರಿ ಅಂತ ಫಿಸಿಯೋಥೆರಪಿಸ್ಟ್ ಅಂದಾಗ ನನ್ನ ಬಲ ಮಂಡಿ ಒಳಗಡೆ ವಾಲ್ತಿತ್ತು. ಸೊಂಟದ ಪಕ್ಕದ, ಹಿಂಬದಿಯ ಸ್ನಾಯುಗಳಲ್ಲಿ ಬಲ ಇಲ್ಲ ಅಂದ್ರು, ಇಡೀ ದಿನ ಆಫೀಸಲ್ಲಿ ಕೂತು ಭಾನುವಾರ ಮಾತ್ರ ನೂರಾರು ಕಿ.ಮೀ ತುಳಿಯೋರಲ್ಲಿ ಇದು ತುಂಬಾ ನೋಡ್ತಾರಂತೆ. ವಾರಕ್ಕೆ ಮೂರು ದಿನ ಮೆಟ್ಟಿಲು ಇಳಿಯೋದು, ಗೋಡೆಗೆ ಒರಗಿ ಕುರ್ಚಿ ತರ ಕೂರೋದು, ಅಂಗಾತ ಮಲಗಿ ಸೊಂಟ ಎತ್ತೋದು. ಮೂರು ತಿಂಗಳು ಬಿಡದೇ ಮಾಡಿದೆ. ಅಮ್ಮನೂ ಈಗ ನನ್ನ ಪಕ್ಕದಲ್ಲಿ ಕುರ್ಚಿಯಿಂದ ಕೈ ಊರದೇ ಏಳೋದು ಕೂರೋದು ಮಾಡ್ತಾರೆ, ಮೊದಲ ವಾರ ನಾಲ್ಕು ಸಲ ಆಗ್ತಿತ್ತು, ಈಗ ಹತ್ತು.

ಸೈಕಲ್ಲನ್ನ ಕುಕ್ಕರಹಳ್ಳಿ ಕೆರೆ ಸುತ್ತಮುತ್ತ 15 ಕಿ.ಮೀ ಹಗುರ ಗೇರಲ್ಲಿ ತುಳಿಯೋದ್ರಿಂದ ಶುರು ಮಾಡಿ, ಆಮೇಲೆ ಶ್ರೀರಂಗಪಟ್ಟಣ, ಆಮೇಲೆ ನಂಜನಗೂಡು ಹೋಗಿ ಬಂದೆ. ಪ್ರತಿ ರೈಡ್ ಆದ ಮರುದಿನ ಬೆಳಗ್ಗೆ ಮೆಟ್ಟಿಲು ಇಳಿಯೋವಾಗ ಹೇಗಿದೆ ಅಂತ ಡೈರಿಯಲ್ಲಿ ಬರೀತೀನಿ, ನೋವಿದ್ರೆ ಮುಂದಿನ ವಾರ ದೂರ ಏರಿಸಲ್ಲ. ಈ ಭಾನುವಾರ ಗುಂಡ್ಲುಪೇಟೆ, ಹೋಗಿ ಬರೋಕೆ 120 ಕಿ.ಮೀ. ಸೋಮವಾರ ಬೆಳಗ್ಗೆ ಮೆಟ್ಟಿಲು ಇಳಿದು ನೋಡಿ ಆಮೇಲೆ 200ಕ್ಕೆ ಹೆಸರು ಕೊಡ್ತೀನಿ.