ಅರ್ಥ್ ಎಂಬ ಮಾತಿನ ಅರ್ಥ

ಈ ಮಂಗಳವಾರ ಬೆಳಗ್ಗೆ, ಆಟಿಯ ಮಳೆ ಹಂಚಿನ ಮೇಲೆ ಒಂದೇ ಸಮನೆ ಬಡಿಯುತ್ತಿದ್ದಾಗ, ಉಡುಪಿಯ ನಮ್ಮ ಮನೆಯಲ್ಲಿ ಅಮ್ಮ ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟಿದ್ದ ಹಲಸಿನ ಸೊಳೆಯ ಭರಣಿಯ ಬಾಯಿ ಬಿಚ್ಚಿದರು. ಆ ವಾಸನೆ ಬಲ್ಲವರಿಗೆ ಬಾಯಲ್ಲಿ ನೀರೂರುತ್ತದೆ. ಅರಿಯದವರು ಹಿಂದೆ ಸರಿಯುತ್ತಾರೆ. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗಳು ಬಾಗಿಲವರೆಗೂ ಸರಿದು, ಮೂಗು ಮುಚ್ಚಿಕೊಂಡು, “ವಾಟ್ ಆನ್ ಅರ್ಥ್ ಈಸ್ ದಿಸ್, ಅಜ್ಜಿ?” ಎಂದಳು.

ಎಂಟನೆಯ ತರಗತಿಯವರೆಗೆ ಓದಿದ ಅಮ್ಮನಿಗೆ ‘ಅರ್ಥ್’ ಎಂದರೆ ಭೂಮಿ ಎಂಬುದು ಇಂದಿಗೂ ನೆನಪಿದೆ. “ಭೂಮಿ ಮೇಲಿನದ್ದೇ ಮಗಾ, ನಮ್ಮ ಹಿತ್ತಿಲಿನ ಹಲಸಿಂದು” ಎಂದರು.

ಅಣ್ಣ ಗಹಗಹಿಸಿ ನಕ್ಕ. ಮಗಳ ಇಂಗ್ಲಿಷಿಗೆ ಹಿಗ್ಗಿ, ಅಮ್ಮನ ಇಂಗ್ಲಿಷಿಗೆ ನಗುವ ಅವನ ಅಭ್ಯಾಸ ನನಗೆ ಎಂದೂ ಹಿಡಿಸಿದ್ದಲ್ಲ. ಮಧ್ಯಾಹ್ನ ಹುಡುಗಿಯನ್ನು ಕೂರಿಸಿಕೊಂಡು ಕೇಳಿದರೆ, “ಅದಕ್ಕೆ ಅಲ್ಲಿ ಅರ್ಥ ಏನೂ ಇಲ್ಲ ಅತ್ತೆ, ಸುಮ್ಮನೆ ಸೇರಿಸೋದು” ಎಂದುಬಿಟ್ಟಳು.

ಸುಮ್ಮನೆ ಸೇರಿಸುವುದಲ್ಲ ಎಂದೇ ನನ್ನ ವಾದ. ವಾಟ್, ಹೂ, ವೈ, ವೇರ್ ಮುಂತಾದ ಪ್ರಶ್ನೆಯ ಪದಗಳಿಗೆ ಒತ್ತಿಕೊಂಡು ಬರುವ ಈ ‘ಆನ್ ಅರ್ಥ್’ ಕೇಳಿದ ವಿಷಯಕ್ಕೆ ಏನನ್ನೂ ಕೂಡಿಸುವುದಿಲ್ಲ, ನಿಜ. ಆದರೆ ಕೇಳುವವರ ಬೆರಗನ್ನೋ ಸಿಡುಕನ್ನೋ ಹೊತ್ತು ತರುತ್ತದೆ. ಮಂಗಳೂರಿನಲ್ಲಿ ಅಪರಿಚಿತರೊಬ್ಬರನ್ನು ನಿಲ್ಲಿಸಿ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ ಎಲ್ಲಿ ಎಂದು ವಿಚಾರಿಸುವಾಗ ಅದನ್ನು ಸೇರಿಸಿದರೆ ಒರಟಾಗುತ್ತದೆ. ಅದೇ ನಿಲ್ದಾಣದಲ್ಲಿ ಒಂದು ಗಂಟೆ ಕಾದು ಬೇಸತ್ತವರು ಬಸ್ ಎಲ್ಲಿ ಹಾಳಾಗಿ ಹೋಯಿತೋ ಎಂದು ಗೊಣಗುವಾಗ ಅದು ಸರಿಯಾಗಿ ಕೂರುತ್ತದೆ. ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ.

ನಾವೇನು ಕಡಿಮೆ? “ಎಂತ ಮಾರಾಯ್ರೆ ಇದು!” ಎನ್ನುವಾಗ ಎದುರಿನವರು ಯಾರೂ ರಾಜರಲ್ಲ. ಮಹಾರಾಯ ಸವೆದು ಮಾರಾಯನಾಗಿ, ಕಿರೀಟ ಕಳೆದುಕೊಂಡು, ಕರಾವಳಿಯ ಪ್ರತಿ ಮಾತಿನ ಬಾಲಕ್ಕೂ ಅಂಟಿಕೊಂಡಿದ್ದಾನೆ. “ಎಂತ ಕರ್ಮ!” ಎನ್ನುವಾಗ ಯಾರೂ ಪೂರ್ವಜನ್ಮದ ಲೆಕ್ಕ ತೆಗೆಯುವುದಿಲ್ಲ. 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟಿನ ಮೇಲೆ ನನಗೆ ಅಪಾರ ಗೌರವವಿದೆ; ಆದರೂ ಮೂಗು ಮುಚ್ಚಿಕೊಂಡು ಆಡಿದ ಪದಕ್ಕೂ ಕಣ್ಣರಳಿಸಿ ಆಡಿದ ಪದಕ್ಕೂ ಇರುವ ಅಂತರವನ್ನು ಯಾವ ನಿಘಂಟು ತಾನೇ ಹಿಡಿದೀತು?

ನನ್ನನ್ನು ಕಾಡುತ್ತಿರುವುದು ಮಾತ್ರ ಅಮ್ಮನ ಉತ್ತರ. ಹುಡುಗಿ ಕೇಳಿದ್ದು ಪ್ರಶ್ನೆಯೇ ಅಲ್ಲ, ಅಸಹ್ಯದ ಉದ್ಗಾರ; ಅಮ್ಮ ಅದನ್ನು ಪ್ರಶ್ನೆಯಾಗಿಯೇ ಎತ್ತಿಕೊಂಡು, ಉತ್ತರದಲ್ಲಿ ಹಿತ್ತಿಲಿನ ಮರವನ್ನೇ ತೋರಿಸಿದ್ದರು. ಅದು ಅವರಿಗೆ ತಿಳಿಯದೆ ಆದದ್ದೋ, ತಿಳಿದೇ ಕೊಟ್ಟ ಪೆಟ್ಟೋ? ನಿನ್ನೆ ರಾತ್ರಿ ತಡೆಯಲಾರದೆ ಕೇಳಿದೆ.

“ಕೇಳಿದಳು, ಹೇಳಿದೆ” ಎಂದ ಅಮ್ಮ, ಉಪ್ಪು ಬಿಡಲು ನೆನೆಹಾಕಿದ್ದ ಸೊಳೆಯನ್ನು ಹಿಂಡಿ ಇನ್ನೊಂದು ನೀರಿಗೆ ಹಾಕಿದರು.