ವೆಸ್ಟ್‌ಸೇಲ್ 32 ಮತ್ತು ಕಾಂಟೆಸ್ಸಾ 32: ಹಳೆಯ ಹಾಯಿದೋಣಿ ಕೊಳ್ಳುವ ಮುನ್ನ

ಎರಡೂ 1970ರ ದಶಕದ ವಿನ್ಯಾಸ, ಎರಡೂ 32 ಅಡಿ. ಹೋಲಿಕೆ ಅಲ್ಲಿಗೇ ಮುಗಿಯಿತು. ವೆಸ್ಟ್‌ಸೇಲ್‌ನ ತೂಕ ಸುಮಾರು 8.8 ಟನ್, ಕಾಂಟೆಸ್ಸಾದ್ದು 4.3. ಮೊದಲನೆಯದರಲ್ಲಿ ತಿಂಗಳುಗಟ್ಟಲೆಯ ಸಾಮಾನು ಹಿಡಿಸುತ್ತದೆ, ಆದರೆ ಗಾಳಿ ಕಮ್ಮಿಯಾದರೆ ಅದು ಮಿಸುಕುವುದಿಲ್ಲ. ಎರಡನೆಯದು ಗಾಳಿಗೆದುರಾಗಿ ಚೆನ್ನಾಗಿ ಸಾಗುತ್ತದೆ. ದೋಣಿಯ ಮೈ ನೀರಿಗೆ ಹತ್ತಿರವಿರುವುದರಿಂದ ನೀವು ತೊಯ್ದು ತೊಪ್ಪೆಯಾಗುತ್ತೀರಿ, ಒಳಗೂ ಇಕ್ಕಟ್ಟು. 1979ರ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯ ಬಿರುಗಾಳಿಯಲ್ಲಿ ತನ್ನ ವರ್ಗದಲ್ಲಿ ಗುರಿ ಮುಟ್ಟಿದ್ದು ಒಂದು ಕಾಂಟೆಸ್ಸಾ ಮಾತ್ರ. ಹಾಗಂತ ನಿಮ್ಮ ಮುಂದಿರುವ ದೋಣಿ ಗಟ್ಟಿಯಾಗಿದೆ ಎಂದೇನೂ ಅಲ್ಲ.

ವೆಸ್ಟ್‌ಸೇಲ್‌ನಲ್ಲಿ ಮೊದಲು ಮೂತಿಯಿಂದ ಮುಂದಕ್ಕೆ ಚಾಚಿದ ಮರದ ಬೋಸ್ಪ್ರಿಟ್ ನೋಡಿ. ಲೋಹದ ಪಟ್ಟಿ ಮರಕ್ಕೆ ಕೂರುವಲ್ಲಿ ನೀರು ನಿಂತು ಒಳಗಿಂದ ಕೊಳೆಯುತ್ತದೆ, ಮೇಲೆ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಸಣ್ಣ ಸ್ಕ್ರೂಡ್ರೈವರ್ ಒತ್ತಿ ನೋಡಿ. ಬೆಣ್ಣೆಯಂತೆ ಇಳಿದರೆ ಬದಲಿಸಲೇಬೇಕು. ಅದು ಮುರಿದರೆ ಮುಂದಿನ ತಂತಿಯ ಆಸರೆ ತಪ್ಪಿ ಹಾಯಿ ಹೊರುವ ಕೂವೆಮರವೇ ಉರುಳಬಹುದು.

ಆಮೇಲೆ ಎರಡರಲ್ಲೂ ಡೆಕ್ಕನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗೈ ಅಗಲಕ್ಕೊಂದು ಪೆಟ್ಟಿನಂತೆ ತಟ್ಟುತ್ತ ಹೋಗಿ. ಟಣ್ ಎಂದರೆ ಸರಿ, ದಬ್ ಎಂದರೆ ಪದರ ಬಿಟ್ಟಿದೆ ಅಥವಾ ಒಳಗಿನ ತಿರುಳು ಒದ್ದೆಯಾಗಿದೆ. ಬೋಲ್ಟು, ಕಂಬಿ, ಕಿಟಕಿಗಳ ಸುತ್ತ ಎರಡು ಸಲ ತಟ್ಟಿ.

ಕೂವೆಮರವನ್ನು ಹಿಡಿದಿಡುವ ತಂತಿಗಳಿಗೆ ರಸೀದಿ ಕೇಳಿ. ಹತ್ತು-ಹದಿನೈದು ವರ್ಷ ದಾಟಿದ್ದರೆ ಹೊಸತರ ಖರ್ಚನ್ನು ಬೆಲೆಯಿಂದ ಕಳೆಯಿರಿ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ.