ಏಳನೇ ದಿನ

18 ಜನವರಿ 2026, ಭಾನುವಾರ ರಾತ್ರಿ

ನಮ್ಮ ಕರಿ ಯಾಟೆ, ಅಂದರೆ ಹೆಣ್ಣು ಕೋಳಿ, ಕಾವಿಗೆ ಕೂತು ಇವತ್ತಿಗೆ ಏಳು ದಿನ. ಸಂಜೆ ಕರೆಂಟ್ ಹೋಗಿದ್ದು ಒಳ್ಳೆಯದೇ ಆಯಿತು. ಮಂಕರಿಯಿಂದ ಒಂದೊಂದೇ ಮೊಟ್ಟೆ ತೆಗೆದು ಮೊಬೈಲ್ ಟಾರ್ಚಿನ ಮೇಲಿಟ್ಟು ನೋಡಿದೆ. ಒಂಬತ್ತರಲ್ಲಿ ಕೆಂಪು ನರಗಳ ಬಲೆ, ನಡುವೆ ಅಲುಗುವ ಒಂದು ಚುಕ್ಕಿ. ಎರಡರಲ್ಲಿ ಬರೀ ಹಳದಿ ಬೆಳಕು. ಗೊಡ್ಡು.

ದೊಡ್ಡಮ್ಮ ಪಕ್ಕದಲ್ಲೇ ನಿಂತಿದ್ದರು. "ನಾವು ಅಂಗೈ ಮರೆ ಮಾಡಿ ಬಿಸಿಲಿಗೆ ಹಿಡಿದು ನೋಡ್ತಿದ್ವಿ ಕಣೇ. ಇದೇನು ಇಷ್ಟು ದಪ್ಪ ಮೊಟ್ಟೆ?"

"ಗಿರಿರಾಜ ಕೋಳಿದು ದೊಡ್ಡಮ್ಮ."

"ಅದೇ ಇಕ್ಕಿ ಅದೇ ಕೂರಲ್ವಾ?"

ಕೂರಲ್ಲ. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ, ನಾಟಿ ಕೋಳಿ ಥರ ಹಿತ್ತಲಲ್ಲಿ ಮೇಯುತ್ತೆ, ಮೊಟ್ಟೆ ಜಾಸ್ತಿ ಅಂತಷ್ಟೇ ಕೇಳಿದ್ದೆ. ಜಾಸ್ತಿ ಮೊಟ್ಟೆಗಾಗಿ ಆರಿಸಿದ ತಳಿಗೆ ಕಾವಿನ ಹಂಬಲ ಹೋಗಿಬಿಟ್ಟಿರುತ್ತೆ ಅಂತ ಯಾರೂ ಹೇಳಲಿಲ್ಲ. ಇವತ್ತು ಕೂರುತ್ತೆ, ನಾಳೆ ಕೂರುತ್ತೆ ಅಂತ ಮೂಲೆಯಲ್ಲಿ ಮೊಟ್ಟೆ ಕೂಡಿಟ್ಟೆ. ಕೊನೆಗೆ ವಾಸನೆ ಬಂತು, ಅಷ್ಟೆ. ಈ ಸಲ ಪಕ್ಕದ ಮನೆಯವರು ಹೇಳಿದ್ದು: ನಾಟಿ ಯಾಟೆ ಕೆಳಗೆ ಇಡು, 13 ಬೇಡ, 11 ಸಾಕು, ಮೊಟ್ಟೆ ದಪ್ಪ ಇದ್ರೆ ರೆಕ್ಕೆ ಸಾಲಲ್ಲ.

ಕಡಕ್‌ನಾಥ್ ತಂದಾಗಲೂ ಇದೇ ಕಥೆ. ಮಧ್ಯಪ್ರದೇಶದ ಝಾಬುವಾದ ಕೋಳಿ, ಮಾಂಸ ಕಪ್ಪು, ನಾಲಿಗೆಯೂ ಕಪ್ಪು. ಮೊಟ್ಟೆಯೂ ಕಪ್ಪಗಿರುತ್ತೆ ಅಂದುಕೊಂಡಿದ್ದೆ! ಇಕ್ಕಿದ್ದು ತಿಳಿ ಕಂದು ಬಣ್ಣದ್ದು. ಕಪ್ಪು ಮೊಟ್ಟೆ ತೋರಿಸ್ತೀನಿ ಅಂತ ಪಕ್ಕದ ಮನೆ ಮಕ್ಕಳನ್ನೆಲ್ಲ ಕರೆದಿದ್ದೆ, ಮಾನ ಹೋಯಿತು.

ಕೋಳಿ ಪುಸ್ತಕದಲ್ಲಿ ಇವತ್ತಿನದು ಬರೆಯಲು ಹೋಗಿ ಹಿಂದಿನ ಪುಟ ಕಣ್ಣಿಗೆ ಬಿತ್ತು. ಹೋದ ಬೇಸಿಗೆ. ಕೊಕ್ಕರೆ ರೋಗ, ರಾಣಿಖೇತ್ ಅಂತಾರಲ್ಲ, ಅದು. ಹನ್ನೊಂದರಲ್ಲಿ ಉಳಿದದ್ದು ಎರಡು. ಹಸಿರು ಭೇದಿ, ಕತ್ತು ತಿರುಚಿಕೊಂಡು ಒಂದೇ ಕಡೆ ಸುತ್ತೋದು. ಮರಿ ಏಳು ದಿನದ್ದಿರುವಾಗ ಕಣ್ಣಿಗೆ ಒಂದು ಹನಿ ಲಸಿಕೆ ಹಾಕಿಸಿದ್ದರೆ ಆಗುತ್ತಿತ್ತು. ನೂರು ಮರಿಗಾಗುವ ಸೀಸೆ, ನನ್ನ ಹನ್ನೊಂದು ಮರಿಗೆ ಯಾಕೆ ಅಂತ ಸುಮ್ನಾದೆ. ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಖಾಲಿ ಮಾಡಬೇಕು, ಇಟ್ಟುಕೊಳ್ಳೋ ಹಾಗಿಲ್ಲ. ಈಗ ನಮ್ಮ ಬೀದಿಯ ನಾಲ್ಕು ಮನೆಯವರು ಒಟ್ಟಿಗೆ ಮರಿ ಏಳಿಸ್ತೀವಿ. ಸೀಸೆ ಒಂದು, ಐಸ್ ಹಾಕಿದ ಫ್ಲಾಸ್ಕ್ ಒಂದು.

ಆ ಎರಡರಲ್ಲಿ ಒಂದೇ ಈ ಕರಿ ಯಾಟೆ.

ದೊಡ್ಡಮ್ಮ ಹೋಗುವಾಗ ಮಂಕರಿಯೊಳಗೆ ಒಂದು ತುಕ್ಕು ಹಿಡಿದ ಮೊಳೆ, ಒಂದು ಇದ್ದಿಲ ಚೂರು ತುರುಕಿದರು. ಗುಡುಗಿಗೆ ಮೊಟ್ಟೆ ಕೆಡಬಾರದಂತೆ. ಜನವರಿಯಲ್ಲಿ ಎಲ್ಲಿಯ ಗುಡುಗು ದೊಡ್ಡಮ್ಮ ಅಂದೆ. ಅವರು ಉತ್ತರ ಕೊಡಲಿಲ್ಲ. ಮೊಳೆ ತೆಗೆಯೋಣ ಅಂತ ಈಗ ಹೋಗಿ ಕೈ ಹಾಕಿದೆ. ಯಾಟೆ ಕುಕ್ಕಿತು. ಇರಲಿ ಬಿಡು, ಇನ್ನು ಹದಿನಾಲ್ಕು ದಿನ ತಾನೇ.